ಹಂಚು ಇಳಿಸುವ ಮೊದಲು ಟೇಪು ಹಿಡಿಯಿರಿ

ಗೋವಾದ ವಾಸ್ಕೊ, ಮಡಗಾಂವ್, ಫೋಂಡಾ ಕಡೆ ಹಳೇ ಹಂಚಿನ ಮನೆ ಕೊಂಡ ಕನ್ನಡದವರಿಗೆ ಜಾಗ ಸಾಲದೆ ಬಂದಾಗ ಮೊದಲು ಕಣ್ಣು ಹೋಗುವುದು ಅಟ್ಟದ ಮೇಲೆ. ಕೊಂಕಣಿಯಲ್ಲಿ ಮಾಳೊ. ತೆಂಗಿನಕಾಯಿ, ಸೌದೆ, ಕಾಲು ಮುರಿದ ಕುರ್ಚಿ ಇಟ್ಟ ಜಾಗ. ‘ಒಂದು ರೂಮ್ ಆರಾಮ ಆಗ್ತದ್ರೀ’ ಅಂತ ಗೌಂಡಿ ಕೆಳಗೆ ನಿಂತೇ ಹೇಳಿಬಿಡುತ್ತಾನೆ. ಅವನನ್ನೂ ಕರೆದುಕೊಂಡು ಏಣಿ ಹತ್ತಿ, ಟೇಪು ಹಿಡಿಯಿರಿ.

ಲೆಕ್ಕ ಹೀಗೆ. ಮನೆಯ ಅಗಲ 24 ಅಡಿ, ಮಾಡಿನ ಇಳಿಜಾರು 10 ಅಡಿಗೆ 7 ಅಡಿ ಅಂದುಕೊಳ್ಳಿ. ಅಟ್ಟದ ನೆಲ ಗೋಡೆಯ ತಲೆಯ ಮಟ್ಟದಲ್ಲಿದ್ದರೆ ನಟ್ಟನಡುವೆ ಸಿಗುವ ಎತ್ತರ 8.4 ಅಡಿ. ಪಕಾಸಿನ (ನೆತ್ತಿಯಿಂದ ಗೋಡೆಗೆ ಇಳಿಜಾರಾಗಿ ಇಳಿಯುವ ಮರ) ದಪ್ಪ, ಕೆಳಗಿನ ಸೀಲಿಂಗ್, ಹೊಸ ನೆಲಹಾಸು ಸೇರಿ 8 ಇಂಚು ತಿಂದರೆ ಏಳೂಮುಕ್ಕಾಲು ಅಡಿ ಉಳಿಯಿತು. 6 ಅಡಿ ಎತ್ತರ ಸಿಗುವುದು ನಡುವಿನಿಂದ ಆಚೆ ಎರಡೂವರೆ, ಈಚೆ ಎರಡೂವರೆ ಅಡಿ ಮಾತ್ರ. ಅಂದರೆ 24 ಅಡಿ ಮನೆಯಲ್ಲಿ ನೆಟ್ಟಗೆ ನಡೆಯಲು 5 ಅಡಿಯ ಓಣಿ. ಗೋಡೆಯನ್ನು ಎರಡೂವರೆ ಅಡಿ ಏರಿಸಿದರೆ ಅದೇ ಓಣಿ 12 ಅಡಿಯಾಗುತ್ತದೆ. ಆದರೆ ಗೋಡೆ ಏರಿಸುವುದು ರಿಪೇರಿ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಪಂಚಾಯತಿ ಅಥವಾ ನಗರಸಭೆಯ ಕಟ್ಟಡ ಪರವಾನಗಿ ಬೇಕು, ಅದಕ್ಕೆ ಎಂಜಿನಿಯರ್ ಸಹಿ ಮಾಡಿದ ನಕ್ಷೆ ಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಸಾಮಾನು ಇಡುವ ಅಟ್ಟದ ಎತ್ತರ 1.5 ಮೀಟರ್ ಮೀರುವಂತಿಲ್ಲ. ವಾಸಕ್ಕೆ ಅಂದ ಕೂಡಲೇ ನಿಯಮವೇ ಬೇರೆ. ಸಮುದ್ರದ ಹತ್ತಿರವಿದ್ದರೆ ಕರಾವಳಿ ನಿಯಂತ್ರಣ ವಲಯದ ಅನುಮತಿಯನ್ನೂ ವಿಚಾರಿಸಿ.

ಎತ್ತರ ಸಾಲದಾಗ ಬಡಿಗ ಕೊಡುವ ಸಲಹೆ ಒಂದಿದೆ: ತಲೆಗೆ ಬಡಿಯುವ ಅಡ್ಡತೊಲೆ ಕೊಯ್ದುಬಿಡೋಣ ಅನ್ನುತ್ತಾನೆ. ಕೊಯ್ಯಗೊಡಬೇಡಿ. ಹಂಚಿನ ಭಾರಕ್ಕೆ ಎರಡೂ ಕಡೆಯ ಪಕಾಸುಗಳು ಗೋಡೆಯನ್ನು ಹೊರಕ್ಕೆ ತಳ್ಳುತ್ತಿರುತ್ತವೆ, ಅದನ್ನು ಹಿಡಿದಿಟ್ಟಿರುವುದೇ ಆ ತೊಲೆ. ಕೊಯ್ದ ಮೇಲೆ ಗೋಡೆಯ ತಲೆಯ ಹತ್ತಿರ ಉದ್ದಕ್ಕೆ ಬಿರುಕು ಬಿಡುತ್ತದೆ, ಮಾಡಿನ ನೆತ್ತಿ ಕುಸಿಯುತ್ತದೆ.

ಇನ್ನು ನೆಲ. ತೆಂಗಿನಕಾಯಿ ಹೊತ್ತ ತೊಲೆ ಮಂಚ, ಕಪಾಟು, ನಾಲ್ಕು ಜನರನ್ನು ಹೊರುತ್ತದೆ ಎಂದೇನಿಲ್ಲ. ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಹಿಡಿದು ಲೆಕ್ಕ ಹಾಕುತ್ತಾರೆ. ತೊಲೆ ಲಡ್ಡಾಗುವುದು ನಡುವೆ ಅಲ್ಲ, ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಅಲ್ಲಿಗೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಸಲೀಸಾಗಿ ಇಳಿದರೆ ಆ ತೊಲೆಯನ್ನು ನಂಬಬೇಡಿ. ಕಬ್ಬಿಣದ ತೊಲೆ ಹಾಕುವುದಾದರೆ ಅಳತೆ ಎಂಜಿನಿಯರ್ ಹೇಳಲಿ. 12 ಅಡಿ ಅಂತರಕ್ಕೆ ಸಾಮಾನ್ಯವಾಗಿ ಬರುವ 150 ಮಿ.ಮೀ.ನ ಐ ಬೀಮ್ ಮೀಟರಿಗೆ ಸುಮಾರು 15 ಕಿಲೋ ತೂಗುತ್ತದೆ. ಗೋಡೆ ಮೇಲೆ ಕೂರುವ ತುದಿಗಳೂ ಸೇರಿ 4 ಮೀಟರ್ ಹಿಡಿದರೆ ಒಂದಕ್ಕೆ 60 ಕಿಲೋ, ಐದಕ್ಕೆ 300. ತೂಕದ ಚೀಟಿ ಇದಕ್ಕಿಂತ ಬಹಳ ಕಡಿಮೆ ತೋರಿಸಿದರೆ ಬಂದಿರುವುದು ಸಣ್ಣ ಮಾಲು. ತೊಲೆಯನ್ನು ಗೋಡೆಯ ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆ) ಮೇಲೆ ನೇರವಾಗಿ ಕೂರಿಸಿದರೆ ಕಲ್ಲು ಪುಡಿಯಾಗುತ್ತದೆ, ಅಡಿಯಲ್ಲಿ ಕಾಂಕ್ರೀಟ್ ದಿಂಡು ಇರಲೇಬೇಕು. ಮೇಲೆ 18 ಮಿ.ಮೀ. ಸಿಮೆಂಟ್ ಬೋರ್ಡ್ ಸಾಕು. ಎರಡೆರಡು ಅಡಿಗೆ ಆಧಾರ, ಬೋರ್ಡುಗಳ ನಡುವೆ 3 ಮಿ.ಮೀ. ಸಂದು. ನಾಲ್ಕಿಂಚಿನ ಸ್ಲ್ಯಾಬ್ ಹೊಯ್ಯುವ ಮಾತು ಬಂದರೆ ಅದೊಂದೇ ಚದರ ಮೀಟರಿಗೆ 250 ಕಿಲೋ ಅನ್ನುವುದು ನೆನಪಿರಲಿ.

ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ತನಕ. ಹಂಚು ಇಳಿಸುವ ಕೆಲಸ ದೀಪಾವಳಿ ಕಳೆದ ಮೇಲೆ ಹಿಡಿದು ಏಪ್ರಿಲ್ ಒಳಗೆ ಮುಗಿಯಬೇಕು. ಮೇ ತಿಂಗಳ ಅಡ್ಡಮಳೆ ತಾಡಪತ್ರಿಗೆ ಹೆದರುವುದಿಲ್ಲ.

ಜಾಸ್ತಿ ತಪ್ಪುಗಳಾಗುವುದು ಹಂಚಿನ ಅಡಿಯಲ್ಲಿ. ಪಕಾಸಿನ ಮೇಲೆ ನೀರು ತಡೆಯುವ ಶೀಟು ಹಾಸಿ, ಅದರ ಮೇಲೆ ನೇರ ಅಡ್ಡ ರೀಪು (ಹಂಚು ಕೂರುವ ತೆಳು ಮರದ ಪಟ್ಟಿ) ಹೊಡೆದುಬಿಡುತ್ತಾರೆ. ಹಂಚಿನ ಸಂದಿಯಿಂದ ಇಳಿದ ಹನಿ ಪ್ರತಿ ರೀಪಿನ ಹಿಂದೆ ಕಟ್ಟೆ ಕಟ್ಟಿದ ಹಾಗೆ ನಿಲ್ಲುತ್ತದೆ, ಮೊಳೆ ತೂತಿನಿಂದ ಒಳಗೆ ಬರುತ್ತದೆ, ಕೆಲವೇ ಮಳೆಗಾಲದಲ್ಲಿ ರೀಪು ಕೊಳೆಯುತ್ತದೆ. ಶೀಟಿನ ಮೇಲೆ ಮೊದಲು ಪಕಾಸಿನ ಉದ್ದಕ್ಕೇ ಒಂದಿಂಚಿನ ಪಟ್ಟಿ, ಆಮೇಲೆ ಅಡ್ಡ ರೀಪು, ಅದರ ಮೇಲೆ ಹಂಚು. ಆಗ ನೀರು ಪಟ್ಟಿಗಳ ನಡುವೆ ಸೂರಿನ ತನಕ ಹರಿದು ಹೋಗುತ್ತದೆ, ಗಾಳಿಯೂ ಆಡುತ್ತದೆ. ಒಂದಿಂಚಿನ ಪಟ್ಟಿಗೆ ಆಗುವ ಖರ್ಚು ಹಂಚಿನ ಖರ್ಚಿನ ಮುಂದೆ ಏನೂ ಅಲ್ಲ, ಆದರೂ ಮೊದಲು ಕತ್ತರಿ ಬೀಳುವುದು ಇದಕ್ಕೇ. ಹೊಳೆಯುವ ಫಾಯಿಲ್ ಇರುವ ಶೀಟಾದರೆ ಹೊಳಪು ಕೆಳಮುಖವಾಗಿರಲಿ, ಅದರ ಎದುರಿಗೆ ಒಂದಿಂಚಾದರೂ ಖಾಲಿ ಜಾಗ ಇರಲಿ. ಮೇಲ್ಮುಖವಾದರೆ ಧೂಳು ಕೂತು ಮಂಕಾಗುತ್ತದೆ. ಪ್ಲೈವುಡ್ಡಿಗೆ ಅಂಟಿಸಿದರೆ ಬಿಸಿಯನ್ನು ಹಾಗೇ ದಾಟಿಸುತ್ತದೆ. ಸೂರಿನಲ್ಲಿ, ನೆತ್ತಿಯಲ್ಲಿ ಗಾಳಿಗಂಡಿ ಬಿಡಿ. ಇಲಿ, ಬಾವಲಿ ಬರದಂತೆ ಸ್ಟೀಲ್ ಜಾಳಿಗೆ ಹಾಕಿ. ಸೀಲಿಂಗಿಗೆ ಜಿಪ್ಸಮ್ ಬೇಡ, ಇಲ್ಲಿನ ತೇವಕ್ಕೆ ಜೋಲುತ್ತದೆ. ಫೈಬರ್ ಸಿಮೆಂಟ್ ಬೋರ್ಡ್ ಒಳ್ಳೆಯದು.

ಹಳೇ ಹಂಚು ಕಡಿಮೆ ಬಿದ್ದರೆ ಒಂದು ಹಂಚನ್ನೇ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗಿ. ಬೇರೆ ಕಾರ್ಖಾನೆಯ ಹಂಚಿನ ತೋಡು ಇದರ ತೋಡಿಗೆ ಕೂರುವುದಿಲ್ಲ.

ಮೆಟ್ಟಿಲ ಜಾಗವನ್ನು ಎಲ್ಲರೂ ಮರೆಯುತ್ತಾರೆ. 10 ಅಡಿ ಏರಲು ಏಳೂವರೆ ಇಂಚಿನ 16 ಏರು. ಹತ್ತಿಂಚಿನ 15 ಹೆಜ್ಜೆ ಅಂದರೆ ಹನ್ನೆರಡೂವರೆ ಅಡಿ ಉದ್ದ. ಮೂರಡಿ ಅಗಲ ಹಿಡಿದರೂ ಕೆಳಗಿನ ಮನೆಯಲ್ಲಿ 37 ಚದರಡಿ ಹೋಯಿತು. ಮೇಲೆ ಬಚ್ಚಲುಮನೆ ಮಾತ್ರ ಬೇಡ ಅನ್ನುವುದು ನನ್ನ ಹಟ.

ಗುತ್ತಿಗೆಯ ವಿಷಯ. ಇಲ್ಲಿನ ಗೌಂಡಿಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆಯವರು ಬೇಕಾದಷ್ಟು, ಮಾತು ಸಲೀಸು. ಅದೇ ತೊಂದರೆ ಕೂಡ. ‘ಬರದು ಕೊಡೂದು ಯಾಕ್ರೀ ಸಾಹೇಬ್ರ, ನಾವೇನ್ ಓಡಿ ಹೋಗ್ತೀವೇನ್ರೀ’ ಅಂದಾಗ ಸಂಕೋಚಕ್ಕೆ ಬೀಳಬೇಡಿ. ಮೊದಲ ಜಗಳ ಬರುವುದು ಅಳತೆಯಲ್ಲಿ. ಮಾಡಿನ ದರ ಇಳಿಜಾರಿನ ಉದ್ದಕ್ಕೋ, ನೆಲದ ಲೆಕ್ಕಕ್ಕೋ? 24ಕ್ಕೆ 30 ಅಡಿ ಮನೆಯ ನೆಲ 720 ಚದರಡಿ. ಮೇಲೆ ಹೇಳಿದ ಇಳಿಜಾರಿಗೆ ಮಾಡು ಸುಮಾರು 880, ಸೂರು ಬೇರೆ. 100 ಚದರಡಿಗೆ 140ರಿಂದ 150 ಹಂಚು, ಮೇಲೆ ನೂರಕ್ಕೆ ಹತ್ತು ಹೆಚ್ಚು ತರಿಸಿ. ಇಳಿಸುವ ಮುಂಚೆ ಒಟ್ಟಿಗೆ ಎಣಿಸಿ ಬರೆದಿಡಿ.

ದುಡ್ಡು ಕೊಡುವುದು ದಿನ ನೋಡಿ ಅಲ್ಲ, ಮುಚ್ಚುವ ಮೊದಲು ಕಂಡದ್ದನ್ನು ನೋಡಿ. ಮುಂಗಡ ನೂರಕ್ಕೆ ಹತ್ತು. ತೊಲೆ ಕೂತು ದಿಂಡು ಕಂಡ ಮೇಲೆ, ಬೋರ್ಡ್ ಹೊಡೆಯುವ ಮುಂಚೆ ಒಂದು ಕಂತು. ಶೀಟು, ಪಟ್ಟಿ ಕಣ್ಣಿಗೆ ಕಂಡ ಮೇಲೆ ಇನ್ನೊಂದು. ಹಂಚು ಹೊದಿಸಿ ನೀರಿನ ಪರೀಕ್ಷೆಯಾದ ಮೇಲೆ ಮತ್ತೊಂದು, ಸೀಲಿಂಗ್ ಆಮೇಲೆ. ಪರೀಕ್ಷೆಗೆ ಪೈಪನ್ನು ಸೂರಿನಿಂದ ಶುರುಮಾಡಿ ಒಂದೊಂದೇ ಸಾಲು ಮೇಲಕ್ಕೆ ಏರಿಸಿ, ಒಂದು ಜಾಗಕ್ಕೆ ಕಾಲು ಗಂಟೆ. ಒಳಗೆ ಒಬ್ಬ ಟಾರ್ಚ್ ಹಿಡಿದು ಕೂರಲಿ. ನೆತ್ತಿಯಿಂದ ಬಿಟ್ಟರೆ ನೀರು ಎಲ್ಲೆಲ್ಲೂ ಹರಿದು, ಎಲ್ಲಿಂದ ಒಳಗೆ ಬಂತೆಂದು ಗೊತ್ತಾಗುವುದಿಲ್ಲ. ನೂರಕ್ಕೆ ಹತ್ತನ್ನು ಸೆಪ್ಟೆಂಬರ್ ಕಳೆಯುವ ತನಕ ಹಿಡಿದಿಡಿ.

ಇಳಿಸಿದ ಹಳೇ ಮರ ಯಾರದು ಅನ್ನುವುದನ್ನೂ ಕಾಗದದಲ್ಲಿ ಬರೆಸಿ. ಸಾಗುವಾನಿ ತೊಲೆ ಅಂಗಳದಲ್ಲಿ ಒಂದು ರಾತ್ರಿ ಇದ್ದರೆ ಹೆಚ್ಚು.