ಘಾಟಿ ಕಡೆಗೊಂದು ಐಗೇಟ್: ಡಾಂಗಲ್, ಡಿಶ್ ಕೇಬಲ್, ಡೈರ್‌ವುಲ್ಫ್

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವ ಹ್ಯಾಮ್ (ಹವ್ಯಾಸಿ ರೇಡಿಯೊ ಬಳಕೆದಾರ) ಒಬ್ಬರ ಕಾರಿನಿಂದ 5 ವ್ಯಾಟ್ ರೇಡಿಯೊ ಸೆಟ್ಟು ಎಪಿಆರ್‌ಎಸ್ ಪ್ಯಾಕೆಟ್, ಅಂದರೆ ತಾನಿರುವ ಜಾಗ ಹೇಳುವ ಪುಟ್ಟ ಡಿಜಿಟಲ್ ಸಂದೇಶ, ಬಿಡುತ್ತಲೇ ಇರಬಹುದು. ಅದನ್ನು ಕೇಳಿ ಇಂಟರ್‌ನೆಟ್‌ಗೆ ದಾಟಿಸುವ ಐಗೇಟ್ ಹತ್ತಿರದಲ್ಲಿ ಇಲ್ಲದಿದ್ದರೆ ಎಪಿಆರ್‌ಎಸ್ ಡಾಟ್ ಎಫ್‌ಐ ಜಾಲತಾಣದ ನಕ್ಷೆಯಲ್ಲಿ ಕಾರು ಕಾಣುವುದಿಲ್ಲ. ಇದಕ್ಕೆ ಬಳಸುವ ವಿಎಚ್‌ಎಫ್ ರೇಡಿಯೊ ಅಲೆಗೆ ಗುಡ್ಡ ಅಡ್ಡ ಬಂದರೆ ಕಥೆ ಮುಗಿಯಿತು. ಹಾಗಾಗಿ ನಮ್ಮ ಮಲೆನಾಡಿನಲ್ಲಿ ಆಂಟೆನಾ ಕಂಬ ಎಷ್ಟು ಎತ್ತರ ಅನ್ನುವುದಕ್ಕಿಂತ ಮನೆ ಯಾವ ಕಣಿವೆಗೆ ಮುಖ ಮಾಡಿದೆ ಅನ್ನುವುದು ಮುಖ್ಯ. ಪೇಟೆ ನಡುವಿನ ಮೂರಂತಸ್ತಿನ ತಾರಸಿಗಿಂತ ಮೂಡಿಗೆರೆ ಕಡೆ ದಿಣ್ಣೆ ಮೇಲಿನ ತೋಟದ ಮನೆಯೇ ವಾಸಿ. ಇಂಟರ್‌ನೆಟ್ ನಿಧಾನವಿದ್ದರೂ ನಡೆಯುತ್ತದೆ. ಒಂದು ಪ್ಯಾಕೆಟ್ ಅಂದರೆ ನೂರು ಚಿಲ್ಲರೆ ಬೈಟ್ ಅಷ್ಟೆ.

ಕೇಳುವುದಕ್ಕೆ ಮಾತ್ರವಾದರೆ ರಾಸ್ಪ್‌ಬೆರಿ ಪೈ ಜೀರೊ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್, ಯುಎಸ್‌ಬಿಗೆ ಚುಚ್ಚುವ ರೇಡಿಯೊ ರಿಸೀವರ್ ಆದ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಸಾಕು. ಡಾಂಗಲ್‌ನಲ್ಲಿ ಟಿಸಿಎಕ್ಸ್‌ಒ (ಬಿಸಿ-ತಣ್ಣಗೆ ಆದರೂ ಫ್ರೀಕ್ವೆನ್ಸಿ ಜಾರದಂತೆ ಹಿಡಿಯುವ ಆಸಿಲೇಟರ್) ಇರಲಿ. ಅಗ್ಗದ್ದು 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು) ತಪ್ಪಿದರೆ ಎಪಿಆರ್‌ಎಸ್‌ನ 144.390 ಮೆಗಾಹರ್ಟ್ಸ್‌ನಲ್ಲಿ 7 ಕಿಲೋಹರ್ಟ್ಸ್ ಆಚೆ ಕೂತಿರುತ್ತದೆ: ಸದ್ದು ಕೇಳುತ್ತದೆ, ಪ್ಯಾಕೆಟ್ ಬಿಚ್ಚಿಕೊಳ್ಳುವುದಿಲ್ಲ. ಡಾಂಗಲನ್ನು ಪೈಗೆ ನೇರ ಚುಚ್ಚದೆ ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಬಳಸಿ, ಇಲ್ಲವಾದರೆ ಪೈ ಎಬ್ಬಿಸುವ ರೇಡಿಯೊ ಗಲಾಟೆಯೇ ದುರ್ಬಲ ಸಿಗ್ನಲ್ ನುಂಗುತ್ತದೆ. ಹಾಸನ ಪೇಟೆಯೊಳಗಾದರೆ ಎಫ್‌ಎಂ ಟ್ರಾನ್ಸ್‌ಮಿಟರ್ ಹತ್ತಿರ. ಅದರ ಜೋರು ಸಿಗ್ನಲ್ ಡಾಂಗಲನ್ನು ಮುಳುಗಿಸದಂತೆ 88ರಿಂದ 108 ಮೆಗಾಹರ್ಟ್ಸ್ ತಡೆಯುವ ಫಿಲ್ಟರ್ ಹಾಕಿ.

ಆಂಟೆನಾ ಕಾಲು ತರಂಗದ್ದು (ಅಲೆಯ ಉದ್ದದ ನಾಲ್ಕನೇ ಒಂದು ಭಾಗ): ನೆಟ್ಟಗಿನ ತಂತಿ 49 ಸೆಂಟಿಮೀಟರ್, ಕೆಳಗೆ 45 ಡಿಗ್ರಿ ಬಾಗಿದ ನಾಲ್ಕು ಕಡ್ಡಿ ತಲಾ 52. ಕೇಬಲ್‌ಗೆ ಡಿಶ್ ಟಿವಿಯ ಆರ್‌ಜಿ-6 ಸಾಕು. ರೇಡಿಯೊಗೆ 50 ಓಮ್ ಬೇಕು, ಇದು 75 ಓಮ್ ಅಂತ ಮೂಗು ಮುರಿಯುವವರಿದ್ದಾರೆ, ಆದರೆ ಕೇಳುವುದಕ್ಕೆ ಅದು ಲೆಕ್ಕಕ್ಕಿಲ್ಲ. ತೆಳು ಆರ್‌ಜಿ-58ಗಿಂತ ಇದರಲ್ಲಿ ನಷ್ಟ ಕಡಿಮೆ, ಊರಿನ ಅಂಗಡಿಯಲ್ಲೇ ಸಿಗುತ್ತದೆ. ಮಳೆಗಾಲಕ್ಕೆ ಮುಂಚೆ ಜೋಡಣೆಗೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಕೇಬಲ್ಲಿನೊಳಗಿನ ಲೋಹದ ಜಾಲರಿಗೆ ನೀರು ಇಳಿದರೆ ಕೇಬಲ್ ಬದಲಿಸದೆ ಬೇರೆ ದಾರಿಯಿಲ್ಲ.

ಡಾಂಗಲ್ ಓದುವ ಆರ್‌ಟಿಎಲ್-ಎಫ್‌ಎಂ ತಂತ್ರಾಂಶದ ಧ್ವನಿಯನ್ನು ಪ್ಯಾಕೆಟ್ ಬಿಚ್ಚುವ ಡೈರ್‌ವುಲ್ಫ್ ತಂತ್ರಾಂಶಕ್ಕೆ ಕೊಡುವಾಗ ಎರಡರಲ್ಲೂ ಸ್ಯಾಂಪಲ್ ದರ ಒಂದೇ ಇರಬೇಕು, 24000 ಅಂದರೆ 24000. ಡೈರ್‌ವುಲ್ಫ್ ಸೆಟ್ಟಿಂಗ್‌ನಲ್ಲಿ ನಿಮ್ಮ ಕಾಲ್‌ಸೈನ್ (ಹ್ಯಾಮ್ ಪರವಾನಗಿಯ ಗುರುತು) ಕೊನೆಗೆ ಐಗೇಟ್ ಅಂತ ಸೂಚಿಸುವ -10, ಎಪಿಆರ್‌ಎಸ್ ಸರ್ವರ್ ಏಷ್ಯಾದ್ದು. ಪಾಸ್‌ಕೋಡ್ ತಪ್ಪಿದ್ದರೂ ಸಂಪರ್ಕ ಕಡಿಯುವುದಿಲ್ಲ, ಲಾಗ್‌ನಲ್ಲಿ 'ಅನ್‌ವೆರಿಫೈಡ್' ಅಂತ ಒಂದು ಸಾಲು ಬರುತ್ತದೆ ಅಷ್ಟೆ. ಆಮೇಲೆ ನೀವು ಕಳಿಸಿದ ಯಾವುದನ್ನೂ ಸರ್ವರ್ ಮುಂದಕ್ಕೆ ಬಿಡುವುದಿಲ್ಲ. ಸ್ಥಳ ಬರೆಯುವಾಗ ಡಿಗ್ರಿ-ನಿಮಿಷದ ಗೊಂದಲ ಬೇಡ. ಚಿಕ್ಕಮಗಳೂರಿನ 13.32 ಡಿಗ್ರಿ ಅಂದರೆ 13 ಡಿಗ್ರಿ 19.2 ನಿಮಿಷ. 13 ಡಿಗ್ರಿ 32 ನಿಮಿಷ ಅಂತ ಬರೆದರೆ ಸ್ಟೇಷನ್ ಸುಮಾರು 24 ಕಿಲೋಮೀಟರ್ ಉತ್ತರಕ್ಕೆ ಹಾರಿ ಕೆಮ್ಮಣ್ಣುಗುಂಡಿ ಸೀಮೆ ಸೇರುತ್ತದೆ. ಬೀಕನ್, ಅಂದರೆ ಗೇಟ್ ತನ್ನ ಜಾಗ ತಿಳಿಸುವ ಪ್ಯಾಕೆಟ್, ಇಂಟರ್‌ನೆಟ್‌ಗಷ್ಟೇ ಹೋಗಲಿ, ಅರ್ಧ ಗಂಟೆಗೊಮ್ಮೆ ಸಾಕು.

ಪೈ, ಡಾಂಗಲ್ ಸೇರಿ ಸುಮಾರು 3 ವ್ಯಾಟ್ ಎಳೆಯುತ್ತವೆ. 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧಕ್ಕಿಂತ ಇಳಿಸದಿದ್ದರೂ ರಾತ್ರಿಯಿಡೀ ಹನ್ನೆರಡು ತಾಸು ಕಳೆಯುತ್ತದೆ. ರೌಟರ್‌ಗೂ ಬ್ಯಾಕಪ್ ಬೇಕು, ಅದನ್ನು ಮರೆಯುವವರೇ ಹೆಚ್ಚು. ಲಾಗನ್ನು ರ‍್ಯಾಮ್‌ನಲ್ಲಿ ಇಡಿ. ಕರೆಂಟ್ ಪದೇ ಪದೇ ಹೋದರೆ ಮೊದಲು ಕೆಡುವುದು ಮೆಮೊರಿ ಕಾರ್ಡ್.

ನಿಮ್ಮ ಗೇಟ್ ಕೇಳಿಸಿಕೊಂಡ ಪ್ಯಾಕೆಟ್ ನಕ್ಷೆಯಲ್ಲಿ ಬೇರೆಯವರ ಹೆಸರಲ್ಲಿ ಕಂಡರೆ ಆಂಟೆನಾ ಬಿಚ್ಚಬೇಡಿ. ಒಂದೇ ಪ್ಯಾಕೆಟ್ ಎರಡು ಕಡೆಯಿಂದ ಬಂದಾಗ ಸರ್ವರ್ ಮೊದಲು ತಲುಪಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. ಇನ್ನು ಈ ಗೇಟ್ ಕೇಳುತ್ತದೆಯೇ ಹೊರತು ಮಾತಾಡುವುದಿಲ್ಲ, ಕಾರಿನವರಿಗೆ ಇಂಟರ್‌ನೆಟ್‌ನಿಂದ ಸಂದೇಶ ತಲುಪಿಸಲು ಪ್ರಸಾರ ಮಾಡುವ ಗೇಟೇ ಬೇಕು.

ಲೋರಾ (ಕಡಿಮೆ ಶಕ್ತಿಯಲ್ಲಿ ದೂರ ತಲುಪುವ ಇನ್ನೊಂದು ರೇಡಿಯೊ ವಿಧಾನ) ಎಪಿಆರ್‌ಎಸ್ ಬೋರ್ಡ್ ತರಿಸುವವರು ಆನ್ ಮಾಡುವ ಮೊದಲು ಫ್ರೀಕ್ವೆನ್ಸಿ ನೋಡಿಕೊಳ್ಳಿ. ಯುರೋಪಿನಲ್ಲಿ ಬಳಸುವ 433.775 ಮೆಗಾಹರ್ಟ್ಸ್ ನಮ್ಮ ಹ್ಯಾಮ್ ಬ್ಯಾಂಡಿನ ಹೊರಗಿದೆ. ನಮ್ಮದು 434ರಿಂದ 438.