ಎಡಗಡೆ ಪೆಡಲ್ ಉಲ್ಟಾ

ಸೈಕಲ್ ಪೆಡಲ್ ಜಾಮ್ ಆಗಿದ್ದರೆ ಜೋರು ಹಾಕುವ ಮೊದಲು ಯಾವ ಕಡೆಯದು ಅಂತ ನೋಡಿ. ಬಲಗಡೆಯದು ಮಾಮೂಲಿ ಥ್ರೆಡ್. ಎಡಗಡೆಯದು ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೇ ಸಡಿಲ.

ಪೆಡಲಿನ ಸ್ಟೀಲ್ ಆಕ್ಸಲ್, ಅದು ಕೂರುವ ಅಲ್ಯೂಮಿನಿಯಂ ತೋಳು ಅಂದರೆ ಕ್ರ್ಯಾಂಕ್, ನಡುವೆ ಮಳೆನೀರು: ಎರಡೂ ಲೋಹ ಕಚ್ಚಿಕೊಂಡುಬಿಡುತ್ತವೆ. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದೇ ರೋಗ. ಕ್ರ್ಯಾಂಕಿನ ಒಳಬದಿಯಿಂದಲೂ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಡಿ. ಆಮೇಲೆ ಉದ್ದ ಹಿಡಿಯ 15 ಎಂಎಂ ಸ್ಪ್ಯಾನರ್. ಚೈನ್ ಮುಂದಿನ ದೊಡ್ಡ ಚಕ್ರದ ಮೇಲಿರಲಿ; ಕೈ ಜಾರಿದರೆ ಬರಿಯ ಹಲ್ಲು ಬೆರಳು ಸೀಳುತ್ತೆ.

ಪೆಡಲ್ ಕೂರಿಸುವಾಗ ಥ್ರೆಡ್ಡಿಗೆ ಒಂದು ಚೂರು ಗ್ರೀಸ್ ಸವರದೇ ಇರೋದು, ಮುಂದೆ ಬಿಚ್ಚುವವರಿಗೆ ಮಾಡುವ ಅನ್ಯಾಯ ಅನ್ನಿಸುತ್ತೆ.

ಇನ್ನೂ ಬರಲಿಲ್ಲವೇ? ಕ್ರ್ಯಾಂಕಿನ ತುದಿಗೆ ಕುದಿಯುವ ನೀರು ಸುರಿದು ತಕ್ಷಣ ತಿರುಗಿಸಿ. ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚು ಹಿಗ್ಗುತ್ತೆ. ಕಾರ್ಬನ್ ಕ್ರ್ಯಾಂಕಿಗೆ ಮಾತ್ರ ಬಿಸಿ ತಾಗಿಸಬೇಡಿ.