‘ಬೀಗದ ಕೈ’ ನಾಟಕ: ಮೂರನೇ ದೃಶ್ಯ ಬದಲಾಯಿತು

ಸಕಲೇಶಪುರದ ನಮ್ಮ ಹವ್ಯಾಸಿ ತಂಡಕ್ಕೆ ಬರೆಯುತ್ತಿರುವ ‘ಬೀಗದ ಕೈ’ ಅರ್ಧ ದಾಟಿದೆ. ನಾಲ್ಕು ದೃಶ್ಯ ಕೈಯಲ್ಲಿವೆ, ಕೊನೆಯದು ಬಾಕಿ. ಈ ಸಲ ಜಾಸ್ತಿ ಹೊತ್ತು ತಿಂದಿದ್ದು ಮೂರನೇ ದೃಶ್ಯ.

ಹೊಸದಾಗಿ ಓದುವವರಿಗೆ ಕತೆ ಇಷ್ಟು. 1792ನೇ ಇಸವಿ, ನಮ್ಮೂರ ಹತ್ತಿರದ ಮಂಜ್ರಾಬಾದ್ ಕೋಟೆ. ಕಾವಲುಗಾರ ಪಕ್ಕದ ಊರಿನ ಒಕ್ಕಲಿಗರ ಹುಡುಗ, ಕಂದಾಚಾರ ಅಂತ ಕರೆಯುತ್ತಿದ್ದ ಊರ ಪಡೆಯವನು. ಊರಲ್ಲಿ ಗದ್ದೆ ಮಾಡಿಕೊಂಡಿದ್ದು, ಕರೆ ಬಂದಾಗ ಕೋಟೆ ಕಾಯಲು ಬರುತ್ತಾನೆ. ಸೆರೆಯಲ್ಲಿರುವವಳು ಆರ್ಕಾಟ್ ಕಡೆಯ ನೇಕಾರರ ಮಗಳು. 1780ರಲ್ಲಿ ಹೈದರಾಲಿಯ ಸೇನೆ ಆ ಸೀಮೆಗೆ ನುಗ್ಗಿದಾಗ ಎಷ್ಟೋ ಜನರನ್ನು ಮೈಸೂರು ಸೀಮೆಗೆ ಹಿಡಿದು ತಂದರು. ಆಗ ಇವಳಿಗೆ ಆರೇಳು ವರ್ಷ. ಈಗ ಟಿಪ್ಪುವಿನ ಹೊಸ ಕೋಟೆಗೆ ಗಾರೆ ಹೊರುತ್ತಾಳೆ. ಸುಣ್ಣಕ್ಕೆ ಅವಳ ಅಂಗೈ ಸುಟ್ಟಿದೆ. ಇಬ್ಬರೂ ನಾನು ಕಟ್ಟಿದ ಪಾತ್ರಗಳು, ಸುತ್ತಲಿನ ಯುದ್ಧ ಮಾತ್ರ ನಡೆದದ್ದೇ.

ಕೋಟೆಯೇ ನನಗೆ ಅರ್ಧ ನಾಟಕ ಬರೆದುಕೊಟ್ಟಿತು. ಸುಮಾರು 3,200 ಅಡಿ ಎತ್ತರದ ಗುಡ್ಡದ ಮೇಲೆ ಎಂಟು ಮೂಲೆಯ ನಕ್ಷತ್ರ. ಈಗ ಡ್ರೋನ್ ಫೋಟೊದಲ್ಲಿ ನೋಡಿ ಎಲ್ಲರೂ ಎಷ್ಟು ಚೆಂದ ಅನ್ನುತ್ತಾರೆ. ಆದರೆ ಯುರೋಪಿನ ಈ ಮಾದರಿಯ ಕೋಟೆಗೆ ಆ ಆಕಾರ ಬಂದದ್ದು ಚೆಂದಕ್ಕಲ್ಲ. ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಗೋಡೆಯ ಬುಡ ಪೂರ್ತಿ ಕಾಣಬೇಕು, ಶತ್ರು ಅಡಗಲು ಜಾಗ ಸಿಗಬಾರದು, ಅದಕ್ಕೆ. ಅಂಥ ಕಡೆ ಇಬ್ಬರು ಕದ್ದು ಮಾತಾಡುವುದು ಎಲ್ಲಿ? ನಡು ಅಂಗಳದ ಹತ್ತಿರ ನೆಲದೊಳಗೆ ಸಿಡಿಮದ್ದು ಇಡುವ ತಣ್ಣನೆಯ ಕೋಣೆಗಳಿವೆ. ಮದ್ದಿನ ಕೋಣೆಗೆ ದೀಪ ತರುವಂತಿಲ್ಲ. ಹಾಗಾಗಿ ಮೂರನೇ ದೃಶ್ಯ ಪೂರ್ತಿ ಕತ್ತಲಲ್ಲಿ. ಪ್ರೇಕ್ಷಕರಿಗೆ ಬರೀ ದನಿ, ಉಸಿರು, ಮಳೆ ಸದ್ದು.

ಮೊದಲು ಬರೆದಾಗ ಆ ಕತ್ತಲಲ್ಲಿ ಅವನು ಕಡುಬು ತಂದುಕೊಡುತ್ತಿದ್ದ, ಕಂಬಳಿ ಹೊದಿಸುತ್ತಿದ್ದ, ಅವಳ ಮನಸ್ಸು ಕರಗುತ್ತಿತ್ತು. ಓದಿ ನೋಡುವಾಗ ಕಾವಲುಗಾರನ ಪಾತ್ರದ ಹುಡುಗನಿಗೆ ತುಂಬ ಹಿಡಿಸಿತು. ‘ಅವನು ಒಳ್ಳೆಯವನು ಅಲ್ವಾ ಅಕ್ಕಾ’ ಅಂದ. ಸೆರೆಯವಳ ಪಾತ್ರ ಮಾಡುವವಳು ಎಸ್ಟೇಟಿನ ಲೈನ್ ಮನೆಯಲ್ಲಿ ಬೆಳೆದ ತಮಿಳು ಹುಡುಗಿ. ಅವಳು ಕೇಳಿದಳು: ‘ಬಾಗಿಲು ಹಾಕಿರುವಾಗ ಅವನು ಒಳ್ಳೆಯವನು ಅಂತ ಹೇಗೆ ಗೊತ್ತಾಗುತ್ತೆ ಅಕ್ಕಾ?’

ಅವತ್ತು ರಿಹರ್ಸಲ್ ಅಲ್ಲಿಗೇ ನಿಂತಿತು. ಮುಂದೆ ಮಾತಿನಲ್ಲೇ ರಾತ್ರಿಯಾಯಿತು.

ಅವಳ ಪ್ರಶ್ನೆ ನನ್ನನ್ನು ಜೇಮ್ಸ್ ಸ್ಕರಿಯ ಹತ್ತಿರ ಮತ್ತೆ ಕರೆದುಕೊಂಡು ಹೋಯಿತು. ಈ ಇಂಗ್ಲಿಷ್ ಹುಡುಗನನ್ನು 1782ರಲ್ಲಿ ಫ್ರೆಂಚರು ಸಮುದ್ರದಲ್ಲಿ ಹಿಡಿದು ಹೈದರನಿಗೆ ಒಪ್ಪಿಸಿದರು. ಸುಮಾರು ಹತ್ತು ವರ್ಷ ಮೈಸೂರು ಸೀಮೆಯಲ್ಲಿ ಸೆರೆಯಲ್ಲಿದ್ದ. ಅವನಿಗೆ ಮದುವೆ ಮಾಡಿಸಿದ್ದೂ ಸೆರೆ ಹಿಡಿದು ತಂದ ಒಬ್ಬ ಹುಡುಗಿಯನ್ನೇ. ಮಕ್ಕಳೂ ಆದವು. ಮೂರನೇ ಮೈಸೂರು ಯುದ್ಧದ ಹೊತ್ತಿಗೆ ಅವನು ತಪ್ಪಿಸಿಕೊಂಡು ಹೋದ, ಹೆಂಡತಿ ಮಕ್ಕಳು ಇಲ್ಲೇ ಉಳಿದರು. ಅವನ ನೆನಪುಗಳು 1824ರಲ್ಲಿ ಅಚ್ಚಾದವು. ಆ ಹುಡುಗಿಯ ಮಾತು ಮಾತ್ರ ನಮ್ಮ ಕೈಗೆ ಬರಲಿಲ್ಲ. ಅವಳಿಗೆ ಅವನ ಮೇಲೆ ಪ್ರೀತಿ ಇತ್ತಾ? ಇದ್ದರೂ ಅದನ್ನು ಕೇಳಿ ಮದುವೆ ಮಾಡಿದವರು ಯಾರು? ಇಬ್ಬರೂ ಸೆರೆಯಾಳುಗಳೇ ಆಗಿದ್ದಾಗಲೇ ಹೀಗೆ. ಇನ್ನು ಒಬ್ಬನ ಸೊಂಟದಲ್ಲಿ ಬೀಗದ ಕೈ ಇದ್ದರೆ?

ಹಾಗಾಗಿ ಹೊಸ ಮೂರನೇ ದೃಶ್ಯದಲ್ಲಿ ಅವನು ಪ್ರೀತಿಯ ಮಾತು ಶುರು ಮಾಡುತ್ತಾನೆ, ಅವಳು ಉತ್ತರ ಕೊಡುವುದಿಲ್ಲ. ಅವನು ಮತ್ತೆ ಕೇಳುತ್ತಾನೆ. ಅವಳು ಅವತ್ತು ಹೊತ್ತ ಗಾರೆ ಬುಟ್ಟಿಗಳ ಲೆಕ್ಕ ತಮಿಳಲ್ಲಿ ಹೇಳುತ್ತಾ ಹೋಗುತ್ತಾಳೆ. ಅಷ್ಟೇ. ಅವಳಿಗೆ ಅವನ ಮೇಲೆ ಮನಸ್ಸಿದೆ, ನನಗೆ ಅದರ ಬಗ್ಗೆ ಅನುಮಾನ ಇಲ್ಲ. ಅವನು ಬರುವ ಹೆಜ್ಜೆ ಸದ್ದು ಅವಳಿಗೆ ಗುರುತಿದೆ, ಅವನು ಕಾವಲಿಗೆ ಬಾರದ ದಿನ ಅವಳು ಊಟ ಬಿಡುತ್ತಾಳೆ. ಆದರೆ ಆ ಮನಸ್ಸನ್ನು ಬೀಗದ ಒಳಗೆ ಬಾಯಿಬಿಟ್ಟು ಹೇಳಿಸಲು ನಾನು ತಯಾರಿಲ್ಲ. ಅಲ್ಲಿ ಅವಳು ಹೂಂ ಅಂದರೂ ಅದು ಒಪ್ಪಿಗೆಯೋ ಭಯವೋ ಅವಳಿಗೇ ತಿಳಿಯಲಿಕ್ಕಿಲ್ಲ.

ನಾಲ್ಕನೇ ದೃಶ್ಯಕ್ಕೆ ಜೀವ ಬಂದದ್ದು 1792ರ ಶ್ರೀರಂಗಪಟ್ಟಣ ಒಪ್ಪಂದದಿಂದ. ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ, ಟಿಪ್ಪುವಿನ ಇಬ್ಬರು ಚಿಕ್ಕ ಮಕ್ಕಳು ಕಾರ್ನ್‌ವಾಲಿಸ್ ಕೈಗೆ ಒತ್ತೆ. ಇಷ್ಟನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದರಲ್ಲಿ ಇನ್ನೊಂದು ಕರಾರೂ ಇದೆ: ಹೈದರಾಲಿಯ ಕಾಲದಿಂದ ಹಿಡಿದಿಟ್ಟ ಸೆರೆಯಾಳುಗಳನ್ನು ಬಿಟ್ಟುಕೊಡಬೇಕು. ನಾಟಕದಲ್ಲಿ ಈ ಸುದ್ದಿ ಕೋಟೆಗೆ ತಲುಪುತ್ತದೆ. ಕೋಟೆಯ ಮುಖ್ಯಸ್ಥ ಕಿಲ್ಲೇದಾರ ಸುಮ್ನೆ ಇರುತ್ತಾನೆ. ಗಾರೆ ಹೊರುವ ಹುಡುಗಿ ಯಾರ ಲೆಕ್ಕಕ್ಕೆ? ಅವಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಕಾವಲುಗಾರನಿಗೆ ಮಾತ್ರ ನಿದ್ದೆ ಹೋಗುತ್ತದೆ. ಸುಲ್ತಾನರ ಮಕ್ಕಳೇ ಬೇರೆಯವರ ಕಾವಲಲ್ಲಿ ಇದ್ದಾರೆ, ಆ ತಂದೆಯ ಗೋಳು ಅವನಿಗೆ ಅರ್ಥವಾಗುತ್ತದೆ. ಇವಳ ತಾಯಿ?

ಬೀಗ ತೆಗೆದರೆ ಅವನಿಗೆ ಶಿಕ್ಷೆ. ಅವಳನ್ನು ಮನೆಗೆ ಕರೆದುಕೊಂಡು ಹೋದರೆ ಜಾತಿಯವರು ಹೊರಗೆ ಹಾಕುತ್ತಾರೆ. ಅವಳು ತನ್ನ ಊರು ಮುಟ್ಟಿದರೂ ಅಲ್ಲಿಯವರು ಇಷ್ಟು ವರ್ಷ ಎಲ್ಲಿದ್ದೆ ಅಂತ ಕೇಳುತ್ತಾರೆ. ಇದೆಲ್ಲ ಗೊತ್ತಿದ್ದೂ ಅವನು ಬಾಗಿಲು ತೆಗೆದು, ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಏನನ್ನೂ ಕೇಳುವುದಿಲ್ಲ. ಇಡೀ ನಾಟಕದಲ್ಲಿ ಅವನು ಪ್ರೀತಿಗೆ ಯೋಗ್ಯನಾಗುವುದು ಅಲ್ಲಿ ಅಂತ ನನ್ನ ನಂಬಿಕೆ.

ಉಳಿದ ಕೆಲಸ ಬೇಗ ಹೇಳುತ್ತೇನೆ. ಪೂರ್ತಿ ಕೋಟೆಯ ಸೆಟ್ ಬೇಡ ಅಂತ ಆಯಿತು. ಎರಡು ಗೋಡೆ ಚೂಪಾಗಿ ಸೇರುವ ಒಂದು ಮೂಲೆ ಸಾಕು. ಪ್ಲೈವುಡ್ ಮೇಲೆ ಗೋಣಿ ಅಂಟಿಸಿ ಬೂದು ಬಣ್ಣ ಬಳಿದಿದ್ದೇವೆ, ದೂರದಿಂದ ಕಗ್ಗಲ್ಲಿನ ಹಾಗೇ ಕಾಣುತ್ತದೆ. ಹಿಂದಿನ ಪರದೆಯಲ್ಲಿ ಕಾಫಿ ತೋಟ ಬರೆಯಲು ಹೊರಟಿದ್ದ ಗೆಳೆಯನನ್ನು ತಡೆದೆ. ಈ ಗುಡ್ಡಗಳಿಗೆ ತೋಟಗಳು ಬಂದದ್ದು 19ನೇ ಶತಮಾನದಲ್ಲಿ, ಆಗ ಇದ್ದದ್ದು ಕಾಡು, ಹುಲ್ಲು, ಕಣಿವೆಯ ಗದ್ದೆ. ರಿಹರ್ಸಲ್ ಮಾತ್ರ ಕಾಫಿ ಕಣದಲ್ಲೇ. ಕುಯ್ಲು ಶುರುವಾದರೆ ಕಣ ಸಿಗುವುದಿಲ್ಲ, ಅಷ್ಟರೊಳಗೆ ಮುಗಿಸಬೇಕು.

ಕೊನೆಯ ದೃಶ್ಯಕ್ಕೆ ಎರಡು ದಾರಿ ಬರೆದು ನೋಡುತ್ತಿದ್ದೇನೆ. ಒಂದರಲ್ಲಿ ಅವಳು ಹಾಸನದ ಕಡೆ ಇಳಿದು ಹೋಗುತ್ತಾಳೆ. ಇನ್ನೊಂದರಲ್ಲಿ ನಾಲ್ಕು ಹೆಜ್ಜೆ ಹೋಗಿ ನಿಂತು, ಮೊದಲ ಸಲ ಅವಳೇ ಅವನನ್ನು ಏನೋ ಕೇಳುತ್ತಾಳೆ. ಎರಡನ್ನೂ ಆಡಿ ನೋಡಿ, ಆ ಪಾತ್ರ ಮಾಡುವ ಹುಡುಗಿ ಯಾವುದು ಅನ್ನುತ್ತಾಳೋ ಅದನ್ನೇ ಇಟ್ಟುಕೊಳ್ಳುತ್ತೇನೆ.